ಲಕ್ಕವ್ವನ ಪಾಲಿನ ಹೊಗೆ

ಹುನಗುಂದ ಮತ್ತು ಬಾದಾಮಿ ತಾಲೂಕುಗಳ ಮೇಲಿರುವ ಆಕಾಶದಲ್ಲಿ ಇನ್ನೆಷ್ಟು ಹೊಗೆಗೆ ಜಾಗವಿದೆ ಎಂಬುದನ್ನು ೨೦೦೬ನೇ ಇಸವಿಯಲ್ಲಿ ಸರ್ಕಾರವು ಅಂತಿಮವಾಗಿ ನಿರ್ಧರಿಸಿತು. ಜಾಗ ಕಡಿಮೆ ಇತ್ತು. ಕಡಿಮೆ ಇರುವ ಯಾವುದನ್ನೇ ಆಗಲಿ ನ್ಯಾಯವಾಗಿ ಹಂಚಲು ಒಂದು ಕಚೇರಿ ಬೇಕಾಗುವುದರಿಂದ, ಬಾಗಲಕೋಟೆಯ ನವನಗರದಲ್ಲಿ ಒಂದು ಬಾಡಿಗೆ ಕಟ್ಟಡದ ಮೊದಲ ಮಹಡಿಯಲ್ಲಿ ಪ್ರಾದೇಶಿಕ ಹೊಗೆ ಮಿತಿ ಮತ್ತು ವಿನಿಮಯ ಕಚೇರಿಯನ್ನು ತೆರೆಯಲಾಯಿತು. ಕೆಳಗೆ ಮಿರ್ಚಿ ಕರಿಯುವ ಹೋಟೆಲು ಇದ್ದುದರಿಂದ ಕಚೇರಿಯ ಕಿಟಕಿಗಳಿಗೆ ಉದ್ಘಾಟನೆಯ ದಿನವೇ ಮೊಳೆ ಹೊಡೆಯಲಾಯಿತು.

ಯೋಜನೆ ತಿಳಿಯಲು ಕಷ್ಟವಾದದ್ದೇನಲ್ಲ. ಪ್ರತಿಯೊಂದು ಚಿಮಣಿಗೂ ವರ್ಷಕ್ಕೆ ಇಷ್ಟು ಹೊಗೆ ಎಂದು ಪಾಲು ಗೊತ್ತುಮಾಡುವುದು. ಪಾಲಿಗಿಂತ ಕಡಿಮೆ ಬಿಟ್ಟವನು ಉಳಿದದ್ದನ್ನು ಮಾರಬಹುದು. ಹೆಚ್ಚು ಬಿಡುವವನು ಕೊಳ್ಳಬೇಕು. ವರ್ಷ ಕಳೆದಂತೆ ಎಲ್ಲರ ಪಾಲನ್ನೂ ಚೂರು ಚೂರೇ ಕತ್ತರಿಸುತ್ತ ಹೋದರೆ ಆಕಾಶ ತಾನಾಗಿಯೇ ತಿಳಿಯಾಗುತ್ತದೆ. ಇದನ್ನು ಮಾಡಿದ್ದು ಮುಖ್ಯವಾಗಿ ಅಮೀನಗಡದ ದಾರಿಯಲ್ಲಿದ್ದ ದೀಪಪ್ರಭಾ ಉಷ್ಣ ವಿದ್ಯುತ್ ಕಂಪನಿಯ ಸಲುವಾಗಿ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಿದ್ದ ಆ ಕಂಪನಿಯ ಚಿಮಣಿ ಇಳಕಲ್ಲಿನ ಮಾಳಿಗೆಗಳ ಮೇಲೆ ನಿಂತರೂ ಕಾಣುತ್ತಿತ್ತು. ಆದರೆ ಒಬ್ಬರ ಮೇಲೆ ಮಾತ್ರ ಕಾನೂನು ಮಾಡುವುದು ಸಮಾನತೆಗೆ ವಿರುದ್ಧ. ಆದ್ದರಿಂದ ಖಾನಾವಳಿ, ಬೇಕರಿ, ಇಟ್ಟಂಗಿ ಭಟ್ಟಿ, ಬಣ್ಣದ ಮನೆ ಎಲ್ಲವನ್ನೂ ಸೇರಿಸಿಕೊಳ್ಳಲಾಯಿತು. ಹೀಗೆ ಇಳಕಲ್ಲಿನ ಲಕ್ಕವ್ವನೂ ಆಕಾಶದ ಪಾಲುದಾರಳಾದಳು.

ಲಕ್ಕವ್ವ ಸೀರೆಯ ನೂಲಿಗೆ ಬಣ್ಣ ಹಾಕುವವಳು. ಇಳಕಲ್ಲ ಸೀರೆಯ ಸೆರಗಿಗೆ ಬೇಕಾದ ದಾಳಿಂಬ ಕೆಂಪನ್ನು ಅವಳ ಹಾಗೆ ಹಿಡಿಯುವವರು ಸುತ್ತಿನಲ್ಲಿ ಇರಲಿಲ್ಲ. ಗಂಡ ಯಮನೂರಪ್ಪನಿಂದ ಕಲಿತ ಕೆಲಸ ಅದು. ಯಮನೂರಪ್ಪ ಹಂಡೆಯ ಮುಂದೆ ಕೂತು ಹಸಿ ಕಟ್ಟಿಗೆಯ ಹೊಗೆ ನುಂಗಿ ನುಂಗಿ, ಕೊನೆಗೆ ಮಲಗಿದರೆ ಉಸಿರು ನಿಲ್ಲುತ್ತದೆ ಎಂದು ಹೆದರಿ, ಗೋಡೆಗೆ ಒರಗಿ ಕೂತಲ್ಲಿಯೇ ತೀರಿಕೊಂಡಿದ್ದ. ಗಂಡನ ದಿನಕರ್ಮ ಮುಗಿದ ಮರುದಿನ ಲಕ್ಕವ್ವ ಸೆರಗು ಸೊಂಟಕ್ಕೆ ಕಟ್ಟಿ, ಹಾರೆ ತಗೊಂಡು, ಆ ಒಲೆಯನ್ನು ತಾನೇ ಒಡೆದು ಹಾಕಿದಳು. ರಾಮಥಾಳದಿಂದ ಗೌಂಡಿಯನ್ನು ಕರೆಸಿ, ಗಾಳಿ ಚೆನ್ನಾಗಿ ಎಳೆಯುವ ಹೊಸ ಒಲೆ ಹಾಕಿಸಿದಳು. ಒಣ ಕಟ್ಟಿಗೆಯನ್ನಲ್ಲದೆ ಬೇರೆ ಏನನ್ನೂ ಅದರ ಬಾಯಿಗೆ ಕೊಡುತ್ತಿರಲಿಲ್ಲ. ಹಂಡೆ ಕುದಿಯುವಾಗ ಚಿಮಣಿಯ ತುದಿಯಲ್ಲಿ ಬಿಸಿಗಾಳಿ ಒಂದಿಷ್ಟು ನಡುಗುತ್ತಿತ್ತು, ಅಷ್ಟೇ. ಬಣ್ಣದ ಮನೆಯ ಗೋಡೆಗೆ ಹೊಡೆಸಿದ ಸುಣ್ಣ ವರ್ಷಗಳಾದರೂ ಬೆಳ್ಳಗೇ ಇತ್ತು. ಯೋಜನೆಯ ದೃಷ್ಟಿಯಿಂದ ಇದು ಗಂಭೀರವಾದ ಲೋಪವಾಗಿತ್ತು.

ಯಾರಿಗೆ ಎಷ್ಟು ಪಾಲು ಎಂಬುದನ್ನು ಆಟೋಕ್ಕೆ ಮೈಕು ಕಟ್ಟಿ ಊರೆಲ್ಲ ಸಾರಲಾಯಿತು:

"ಸಾರ್ವಜನಿಕರ ಗಮನಕ್ಕೆ. ಬರುವ ಚಳಿಗಾಲದಲ್ಲಿ ಯಾರ ಚಿಮಣಿಯು ಎಷ್ಟು ಹೊಗೆಯನ್ನು ಬಿಡುವುದೋ ಅದನ್ನೇ ಅವರ ಮೂಲ ಹೊಗೆ ಎಂದು ಪರಿಗಣಿಸಿ ಮುಂದಿನ ಪಾಲನ್ನು ನೀಡಲಾಗುವುದು. ಮೂಲ ಹೊಗೆಯನ್ನು ದುರುದ್ದೇಶದಿಂದ ಹೆಚ್ಚಿಸಿಕೊಳ್ಳುವುದು ಶಿಕ್ಷಾರ್ಹ. ಸದುದ್ದೇಶದ ಹೆಚ್ಚಳಕ್ಕೆ ಅಡ್ಡಿಯಿಲ್ಲ."

ಆ ಚಳಿಗಾಲ ಜನರ ಸದುದ್ದೇಶ ಎಷ್ಟರ ಮಟ್ಟಿಗೆ ಹೋಯಿತೆಂದರೆ, ಬಿಸಿಲೇರಿದ ಮೇಲೂ ಬಸ್ಸುಗಳು ದೀಪ ಹಾಕಿಕೊಂಡೇ ಊರೊಳಗೆ ಬರಬೇಕಾಯಿತು. ಖಾನಾವಳಿಯವರು ಕಟ್ಟಿಗೆಗೆ ನೀರು ಚಿಮುಕಿಸಿ ಒಲೆಗೆ ಹಾಕಿದರು. ಬೇಕರಿಯವರು ಹಳೆ ಟೈರುಗಳನ್ನು ಹುಡುಕಿಕೊಂಡು ಹೈವೇ ಗ್ಯಾರೇಜುಗಳಿಗೆ ಅಲೆದರು. ದೀಪಪ್ರಭಾ ಕಂಪನಿಯ ಜನರೇಟರು ಆ ಹೊತ್ತಿಗೆ ಸರಿಯಾಗಿ ರಿಪೇರಿಗೆ ಹೋಗಿತ್ತು. ಆದರೂ ಕಂಪನಿ ಧೃತಿಗೆಡದೆ ಬಾಯ್ಲರನ್ನು ಹಗಲೂರಾತ್ರಿ ಉರಿಸಿ, ಕರೆಂಟಿನ ಹಂಗಿಲ್ಲದೆ ಶುದ್ಧ ಹೊಗೆಯನ್ನೇ ಉತ್ಪಾದಿಸಿತು.

ಲಕ್ಕವ್ವನ ಮಗ್ಗುಲಿಗೇ ಹಜರತಬಿಯ ಕಟ್ಟಿಗೆ ಅಡ್ಡೆ. ಒಣ ಕಟ್ಟಿಗೆಯನ್ನು ಕೇಳುವವರೇ ಇಲ್ಲವಾಗಿ, ಹಸಿ ಜಾಲಿಗೆ ಜನ ಮುಗಿಬಿದ್ದಿದ್ದರು. ಹಜರತಬಿ ಒಂದು ದಿನ ಗೋಡೆಯ ಮೇಲಿಂದ ಕೂಗಿದಳು.

"ಲಕ್ಕವ್ವಕ್ಕಾ, ನಿನಗಂತ ಎರಡು ಹೊರಿ ಹಸಿ ಜಾಲಿ ತಗದ ಇಟ್ಟೇನಿ. ಊರಿಗೆ ಊರ ಹೊಗಿ ಮಾಡಾಕತ್ತೈತಿ. ನಿನ್ನ ಚಿಮಣಿ ಒಂದ ಸುಮ್ನ ನಿಂತೈತಲ್ಲ."

"ಬ್ಯಾಡವಾ. ಹೊಗಿಗೆ ಒಬ್ರನ್ನ ಕೊಟ್ಟದ್ದು ಸಾಕಾಗೇತಿ ನನಗ."

"ಇದು ಕುಡಿಯೂ ಹೊಗಿ ಅಲ್ಲಕ್ಕಾ. ಸರ್ಕಾರಕ್ಕ ತೋರಸೂ ಹೊಗಿ."

"ಯಾವ ಹೊಗಿ ಆದ್ರೂ ಮೂಗಿನಾಗ ಹೋಗೂದ ಅಲ್ಲೇನು?" ಎಂದು ಲಕ್ಕವ್ವ ಒಳಗೆ ಹೋದಳು.

ಹೊಗೆ ನಿರೀಕ್ಷಕ ರಾಚಪ್ಪ ಬಂದದ್ದು ಅದೇ ವಾರ. ರಾಚಪ್ಪ ಮೊದಲು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದವನು. ಮೃದು ಮಾತಿನ ಮನುಷ್ಯ. ಅವನ ಕೈಯಲ್ಲಿ ಬಿಳಿಯಿಂದ ಕರಿಯವರೆಗೆ ಸಾಲು ಚೌಕದ ಮನೆಗಳಲ್ಲಿ ಬಣ್ಣ ಬಳಿದ ಒಂದು ರಟ್ಟು ಇತ್ತು. ಅದನ್ನು ಕೈ ನೀಡಿ ಮೇಲೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೊಗೆ ಯಾವ ಬಣ್ಣಕ್ಕೆ ಹೊಂದುತ್ತದೆ ಎಂದು ನೋಡುವುದೇ ಅಳತೆ. ಅಂದು ಲಕ್ಕವ್ವನ ಅಂಗಳದಲ್ಲಿ ನಿಂತು ಅವನು ಎರಡೂ ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ನೋಡಿದ.

"ಒಲಿ ಹೊತ್ತಿಸೀರೇನ್ರಿ?"

"ಹೊತ್ತಿಸೇನ್ರಿ. ಒಳಗ ಹಂಡೆ ಕುದಿಯಾಕತ್ತೈತಿ, ಬಂದ ನೋಡ್ರಿ."

"ಮತ್ತ ಹೊಗಿ ಎಲ್ಲೈತ್ರಿ?"

"ಬರಬಾರ್ದಂತನ ಈ ಒಲಿ ಹಾಕ್ಸೇನ್ರಿ." ಲಕ್ಕವ್ವನ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ಸರ್ಕಾರದ ಮನುಷ್ಯನೇ ಮನೆಗೆ ಬಂದು ತನ್ನ ಒಲೆ ನೋಡುತ್ತಿದ್ದಾನೆ, ಏನಾದರೂ ಒಳ್ಳೆ ಮಾತು ಹೇಳಿಯಾನು ಎಂದು ಅವಳು ಕಾದಿದ್ದಳು.

ರಾಚಪ್ಪನ ಮುಖ ಸಣ್ಣದಾಯಿತು. "ಯವ್ವಾ, ಹಿಂಗಾದ್ರ ನಾ ಶೂನ್ಯ ಅಂತ ಬರೀಬೇಕಾಗ್ತೈತಿ."

"ಬರೀರಿ. ಖರೇ ಅದ ಐತಿ."

"ದುಡುಕಬ್ಯಾಡ್ರಿ. ನಾ ಒಂದ ಚಾ ಕುಡದ ಬರ್ತೇನಿ. ಅಷ್ಟರಾಗ ಒಂಚೂರರ ಬಿಡ್ರಿ."

ಅವನು ಚಹಾ ಕುಡಿಯಲು ಹೋಗಿ, ಉದಾರವಾಗಿ ತಡಮಾಡಿ ಬಂದ. ಚಿಮಣಿ ಇದ್ದಂತೆಯೇ ಇತ್ತು. ರಾಚಪ್ಪ ನಿಟ್ಟುಸಿರು ಬಿಟ್ಟು ಬರೆದುಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು, ಸತ್ತವರ ಮನೆಯಲ್ಲಿ ಹೇಳುವ ಹಾಗೆ, "ಒಲಿ ಭಾಳ ಚಲೋ ಐತ್ರಿ" ಎಂದು ಹೇಳಿ ಹೋದ.

ಚಳಿ ಇಳಿಯುವ ಹೊತ್ತಿಗೇ ಪಾಲು ಹಂಚಿಕೆಯಾಯಿತು. ದೀಪಪ್ರಭಾ ಕಂಪನಿಗೆ ಅದು ಹುಟ್ಟಿದಾಗಿನಿಂದ ಬಿಟ್ಟಿರದಷ್ಟು ಹೊಗೆ ಪ್ರತಿವರ್ಷಕ್ಕೆ ಮಂಜೂರಾಯಿತು. ಬೇಕರಿಗೆ ಟೈರಿನ ಲೆಕ್ಕದಲ್ಲಿ ಸಿಕ್ಕಿತು. ಲಕ್ಕವ್ವನ ಬಾಗಿಲಿಗೆ ಒಂದು ನೋಟೀಸು ಅಂಟಿಸಲಾಯಿತು: "ನಿಮ್ಮ ಮೂಲ ಹೊಗೆ ಶೂನ್ಯವಾಗಿರುವುದರಿಂದ ನಿಮ್ಮ ಪಾಲೂ ಶೂನ್ಯವಾಗಿರುತ್ತದೆ. ಪಾಲಿಲ್ಲದೆ ಒಲೆ ಹೊತ್ತಿಸುವುದು ಆಕಾಶದ ಅತಿಕ್ರಮಣವೆನಿಸುತ್ತದೆ. ತಮ್ಮ ಸಹಕಾರಕ್ಕೆ ಧನ್ಯವಾದಗಳು." ಲಕ್ಕವ್ವನಿಗೆ ಅದನ್ನು ಓದಿ ಹೇಳಿದವನು ನೇಕಾರ ಪಾಂಡಪ್ಪ. ಅವಳು ಇನ್ನೊಮ್ಮೆ ಓದಿಸಿದಳು. ಎರಡನೇ ಸಲವೂ ಅದೇ ಇತ್ತು.

ಇತ್ತ ಕಂಪನಿಯವರು ಕೂತು ವಿಚಾರ ಮಾಡಿದರು. ಕಲ್ಲಿದ್ದಲು ತರಿಸಿ, ಸುಟ್ಟು, ಕರೆಂಟು ಮಾಡಿ, ಅದನ್ನು ಮಾರಿ, ಬಿಲ್ಲಿಗಾಗಿ ಕಾಯುವುದಕ್ಕಿಂತ ಸುಮ್ಮನೆ ಕೂತು ತಮ್ಮ ಪಾಲಿನ ಹೊಗೆಯನ್ನೇ ದೂರದೂರುಗಳ ಚಿಮಣಿಗಳಿಗೆ ಮಾರುವುದು ಲಾಭದ್ದು ಎಂದು ಕಂಡಿತು. ಬಾಯ್ಲರು ಆರಿತು. ಇದ್ದ ನೌಕರರನ್ನು, ಆಗದೇ ಇದ್ದ ಹೊಗೆಯ ಲೆಕ್ಕ ಇಡುವ ಕೆಲಸಕ್ಕೆ ಹಚ್ಚಲಾಯಿತು. ಇಳಕಲ್ಲಿನಲ್ಲಿ ಕರೆಂಟು ಹೋಯಿತು; ಬಂದರೆ ಜನ ಹೊರಗೆ ಬಂದು ನೋಡುವಷ್ಟು ಹೋಯಿತು. ಪವರ್‌ಲೂಮುಗಳು ಅರ್ಧ ಸೀರೆ ಬಾಯಲ್ಲಿ ಹಿಡಿದು ನಿಂತವು. ಹೊಗೆ ಕಚೇರಿ ತನ್ನ ಮೊದಲ ವರದಿಯಲ್ಲಿ ಈ ಭಾಗದ ಹೊಗೆ ನಿರೀಕ್ಷೆಗೂ ಮೀರಿ ಇಳಿದಿದೆಯೆಂದು ಸಂತೋಷಪಟ್ಟು, "ಕತ್ತಲೆಯು ಸಂಪೂರ್ಣ ಹೊಗೆರಹಿತವಾಗಿದ್ದು ಸಾರ್ವಜನಿಕರು ಇದರ ಸದುಪಯೋಗ ಪಡೆಯಬೇಕು" ಎಂದು ಕೋರಿತು.

ಪಾಂಡಪ್ಪ ಕತ್ತಲೆಯ ಸದುಪಯೋಗ ಪಡೆಯಲು ಸ್ವಲ್ಪ ದಿನ ಪ್ರಯತ್ನಿಸಿದ. ಆಮೇಲೆ, ಅಪ್ಪನ ಕಾಲದ ಕೈಮಗ್ಗದ ಕೆಳಗೆ ಕಾಲಿಡುವ ಕುಣಿಯಲ್ಲಿ ಮನೆ ಮಾಡಿಕೊಂಡಿದ್ದ ಕೋಳಿಗಳನ್ನು ಓಡಿಸಿ, ಮಗ್ಗಕ್ಕೆ ಎಣ್ಣೆ ಹಾಕಿ ಕೂತ. ಅವನ ನೋಡಿ ಓಣಿಯವರೆಲ್ಲ ಕೂತರು. ಬಸವ ಜಯಂತಿಯ ಸುತ್ತ ಮದುವೆಗಳ ಸುಗ್ಗಿ. ವ್ಯಾಪಾರಿಗಳು ಸೀರೆ ಬೇಕೆಂದು ಮುಂಗಡ ಕೊಟ್ಟು ಹೋಗಿದ್ದರು. ಬಿಳಿ ರೇಷ್ಮೆಯ ಲಡಿಗಳು ಲಕ್ಕವ್ವನ ಪಡಸಾಲೆಯಲ್ಲಿ ರಾಶಿ ಬಿದ್ದವು. ಒಲೆ ಮಾತ್ರ ತಣ್ಣಗಿತ್ತು.

"ಅಕ್ಕಾ, ನೀ ಕೆಂಪ ಕೊಡಲಿಲ್ಲಂದ್ರ ಸೆರಗ ಇಲ್ಲ," ಎಂದ ಪಾಂಡಪ್ಪ. "ಸೆರಗ ಇಲ್ಲದ್ದಕ್ಕ ಸೀರಿ ಅಂತಾರೇನ? ಓಣ್ಯಾಗ ಹನ್ನೆರಡ ಮಗ್ಗ ನಿನ್ನ ಮಾರಿ ನೋಡಾಕತ್ತಾವ."

"ನನ್ನ ಮಾರಿ ಯಾಕ ನೋಡ್ತೀರಪಾ, ಬಾಗಲಾ ನೋಡ್ರಿ. ಅಲ್ಲೆ ಹಚ್ಚ್ಯಾರ ನೋಟೀಸು."

ಆದರೂ ಅವಳು ಸುಮ್ಮನೆ ಕೂಡಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿಗೆ ಶಿವಪುತ್ರ ಎಂಬವನು ಕಂಪನಿಯ ಪರವಾಗಿ ಹೊಗೆ ಮಾರುವ ಅಂಗಡಿ ತೆರೆದಿದ್ದ. ಮೊದಲು ಅದೇ ಅಂಗಡಿಯಲ್ಲಿ ಪವರ್‌ಲೂಮಿನ ಬಿಡಿಭಾಗ ಮಾರುತ್ತಿದ್ದ. ಲೂಮುಗಳೇ ಓಡದಂತಾದ ಮೇಲೆ ಕಸುಬು ಬದಲಿಸಿದ್ದ. ಲಕ್ಕವ್ವನನ್ನು ಕಂಡು ಎದ್ದು ಕುರ್ಚಿ ಒರೆಸಿದ.

"ಬಾ ಚಿಗವ್ವಾ. ಎಷ್ಟ ಬೇಕಿತ್ತು ಹೊಗಿ?"

"ನನಗ ಹೊಗಿ ಬ್ಯಾಡೋ ಶಿವಪುತ್ರ. ಒಲಿ ಹಚ್ಚಾಕ ಅಪ್ಪಣಿ ಬೇಕು."

"ಎರಡೂ ಒಂದ. ಆದ್ರ ಕೊಳ್ಳೂದಕ್ಕ ಖಾತೆ ಬೇಕಾಗ್ತೈತಿ, ಖಾತೆಗೆ ಮೂಲ ಹೊಗಿ ಬೇಕು. ನಿಂದು ಶೂನ್ಯ ಅಂತಲ್ಲ? ಶೂನ್ಯದವ್ರಿಗೆ ಮಾರಿದ್ರ ನನ್ನ ಲೈಸೆನ್ಸ ಹೋಗ್ತೈತಿ." ಅವನಿಗೆ ನಿಜಕ್ಕೂ ಕೆಡುಕೆನಿಸಿತ್ತು. "ಆ ಚಳಿಗಾಲದಾಗ ಒಂದ ಹಳೇ ಕೌದಿ ಸುಟ್ಟಿದ್ರೂ ಸಾಕಿತ್ತು ಚಿಗವ್ವಾ. ಯಾರೂ ನಿನಗ ಹೇಳಲಿಲ್ಲೇನು?"

ಲಕ್ಕವ್ವ ಮರುದಿನ ಬಾಗಲಕೋಟೆಯ ಬಸ್ಸು ಹತ್ತಿದಳು. ದಾರಿಯಲ್ಲಿ ಕಂಪನಿಯ ಚಿಮಣಿ ಕಂಡಿತು. ಅದರ ತುದಿಯಲ್ಲಿ ಹದ್ದೊಂದು ಗೂಡು ಕಟ್ಟಿತ್ತು.

ರಾಚಪ್ಪನಿಗೆ ಈಗ ಬಡ್ತಿಯಾಗಿತ್ತು. ಕಚೇರಿಯಲ್ಲಿ ಕರೆಂಟು ಇರಲಿಲ್ಲ, ಕಿಟಕಿಗಳಿಗೆ ಮೊಳೆ ಇತ್ತು, ಮೇಣಬತ್ತಿಯ ಬೆಳಕಿನಲ್ಲಿ ಅವನು ಬೆವರುತ್ತ ಕೂತಿದ್ದ. ಲಕ್ಕವ್ವನ ಗುರುತು ಹಿಡಿದು, "ಬರ್ರಿ ಯವ್ವಾ, ಆ ಚಲೋ ಒಲಿಯವ್ರು" ಎಂದು ಕೂರಿಸಿದ.

"ಸಾಹೇಬ್ರ, ಒಂದ ಮಾತ ತಿಳಿಸಿ ಹೇಳ್ರಿ. ನಿಮ್ಮ ಯೋಜನಿ ಇರೂದು ಹೊಗಿ ಕಡಿಮಿ ಆಗ್ಲಿ ಅಂತ ಹೌದಲ್ಲೋ?"

"ಹೌದ್ರಿ. ಅದಕ್ಕ ಇರೂದು."

"ನನ್ನ ಒಲಿಗೆ ಹೊಗೀನ ಇಲ್ಲ. ಅಂದ ಮ್ಯಾಲೆ ಹಚ್ಚಾಕ ಏನ ಅಡ್ಡಿ?"

"ಅಡ್ಡಿ ಹೊಗೀದಲ್ರಿ, ಪಾಲಿಂದು. ಕಡಿಮಿ ಮಾಡಾಕ ಮೊದಲ ಏನರ ಇರಬೇಕಾಗ್ತೈತಿ. ನಿಮ್ಮದು ಮೊದಲಾ ಶೂನ್ಯ. ಶೂನ್ಯ ಕಡಿಮಿ ಮಾಡೂದು ಹೆಂಗ್ರಿ? ನಾವೂ ಭಾಳ ವಿಚಾರ ಮಾಡಿದ್ವಿ."

"ನಾ ಕಡಿಮಿ ಮಾಡೇನಿ. ಮೊದಲ ಮನಿ ತುಂಬ ಹೊಗಿ ಇತ್ತು. ಆ ಹೊಗಿ ಕುಡುದ ನಮ್ಮ ಮನಿಯವ್ರು ಸತ್ರು. ಸತ್ತ ಮ್ಯಾಲೆ ಒಲಿ ಒಡದೇನಿ."

ರಾಚಪ್ಪ ಪೆನ್ನು ಕೈಗೆತ್ತಿಕೊಂಡ. ಅವನ ಮುಖದಲ್ಲಿ ಆಸೆ ಮೂಡಿತ್ತು. "ಯಾವ ವರ್ಷ ತೀರಿದ್ರು?"

"ಎರಡ ಸಾವಿರದ ಮೂರು."

ರಾಚಪ್ಪ ಪೆನ್ನು ಕೆಳಗಿಟ್ಟ. "ಮೂಲ ಚಳಿಗಾಲಕ್ಕಿಂತ ಮೊದಲಾತಲ್ರಿ ಯವ್ವಾ. ಅವ್ರು ಕುಡದ ಹೊಗಿ ನಮ್ಮ ಲೆಕ್ಕಕ್ಕ ಬರೂದಿಲ್ಲ. ಎರಡ ಸಾವಿರದ ಆರನೇ ಇಸವಿ ತನಕ ಇದ್ದಿದ್ರ ಏನರ ಮಾಡಬಹುದಿತ್ತು."

ಲಕ್ಕವ್ವನಿಗೆ ಸಿಟ್ಟು ಬಂತು. ಬಯ್ಯಬೇಕೆನಿಸಿತು. ಆದರೆ ಎದುರಿಗಿದ್ದವನು ಕೈಬೀಸಣಿಗೆಯನ್ನು ತನಗೆ ಬೀಸಿಕೊಳ್ಳದೆ ಅವಳ ಕಡೆಗೆ ಬೀಸುತ್ತಿದ್ದ. ಅಂಥವನನ್ನು ಬಯ್ಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ಹಾದಿ ಇಲ್ಲಂತಲ್ಲ," ರಾಚಪ್ಪ ದನಿ ತಗ್ಗಿಸಿದ. "ಹೊಸ ಹೊಗೆದಾರರ ನಿಯಮ ಅಂತ ಬಂದೈತ್ರಿ. ನೀವು ಹೊಸದಾಗಿ ಹೊಗಿ ಮಾಡ್ರಿ. ನಾ ಬಂದ ಅಳದ ಖಾತೆ ತಗೀತೇನಿ. ಆಮ್ಯಾಲೆ ನೀವು ಆ ಹೊಗಿ ಬಿಟ್ಟಬಿಡ್ರಿ. ಬಿಟ್ಟದ್ದಕ್ಕ ಮತ್ತ ಬಹುಮಾನದ ಪಾಲು ಬೇರೆ ಸಿಗ್ತೈತಿ."

"ಬಿಡೂದಕ್ಕ ಮಾಡೂದೇನ್ರಿ?"

"ಕುಡುಕ ಕುಡಿಯೂದು ಬಿಟ್ರ ಹಾರ ಹಾಕ್ತಾರ್ರಿ. ಹುಟ್ಟಿದಾಗಿಂದ ಕುಡೀದವಗ ಯಾರ ಹಾಕ್ತಾರ? ಲೋಕಾನ ಹಂಗ ಐತಿ."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಲಕ್ಕವ್ವ ಎರಡು ಬಸ್ಸುಗಳನ್ನು ಹೋಗಲು ಬಿಟ್ಟು ಕೂತಿದ್ದಳು. ಗಂಡ ಗೋಡೆಗೆ ಒರಗಿ ಕೂತು, ಮಾತಾಡಲು ಉಸಿರು ಸಾಲದೆ, ಕೈಸನ್ನೆಯಲ್ಲೇ ನೀರು ಕೇಳುತ್ತಿದ್ದುದು ಕಣ್ಣಿಗೆ ಕಟ್ಟಿತು. ಹೊಗೆ ಮಾಡುವುದಿಲ್ಲ ಎಂದು ಅವಳು ಯಾರ ಮುಂದೆಯೂ ಆಣೆ ಮಾಡಿರಲಿಲ್ಲ. ಆದರೂ ಆಣೆ ಮುರಿದಷ್ಟೇ ಸಂಕಟವಾಯಿತು. ಓಣಿಯ ಹನ್ನೆರಡು ಮಗ್ಗಗಳ ಮನೆಗಳಲ್ಲಿ ಬಸವ ಜಯಂತಿಗೆ ಮೊದಲು ಸೀರೆ ಹೋಗದಿದ್ದರೆ ಏನಾಗುತ್ತದೆಂಬುದೂ ಅವಳಿಗೆ ಗೊತ್ತಿತ್ತು. ಮೂರನೆಯ ಬಸ್ಸಿಗೆ ಹತ್ತಿದಳು.

ಮರುದಿನ ಮುಂಜಾನೆ ಹಿತ್ತಲಲ್ಲಿ, ಬಣ್ಣದ ಮನೆಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ, ಮೂರು ಕಲ್ಲಿಟ್ಟು ಮಣ್ಣು ಮೆತ್ತಿ ತನ್ನ ಕೈಯಿಂದಲೇ ಒಂದು ಒಲೆ ಹಾಕಿದಳು. ಮೇಲೆ ಹಂಡೆ ಇಡಲಿಲ್ಲ. ಇಡುವ ನಿಯಮವೇನೂ ಇರಲಿಲ್ಲ. ಒಡಕು ತಗಡಿನ ಒಂದು ಕೊಳವೆಯನ್ನು ಚಿಮಣಿ ಎಂದು ನಿಲ್ಲಿಸಿದಳು. ಹಜರತಬಿ ಹಸಿ ಜಾಲಿಯ ಹೊರೆ ತಂದು ಹಾಕಿ, ಊದುಗೊಳವೆ ಕೈಗೆ ಕೊಟ್ಟಳು. ಹೊಗೆ ಎದ್ದಿತು. ಬೇಲಿ ದಾಟಿ, ಓಣಿ ದಾಟಿ, ಗಾಳಿ ತಿರುಗಿದಾಗ ಬಣ್ಣದ ಮನೆಯ ಸುಣ್ಣದ ಗೋಡೆಗೆ ಬಡಿದು ಹೊರಳಿತು. ಲಕ್ಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು.

ರಾಚಪ್ಪ ಬಂದು ರಟ್ಟು ಹಿಡಿದ. ಈ ಸಲ ಒಂದೇ ಕಣ್ಣು ಸಾಕಾಯಿತು. "ಅಬ್ಬಾ, ಕರೀಗೆ ಒಂದ ಮನಿ ಕಡಿಮಿ!" ಎಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಹೊಗೆಗೋ ಸಂತೋಷಕ್ಕೋ ಹೇಳುವುದು ಕಷ್ಟ. "ಈಗ ನೋಡ್ರಿ ಯವ್ವಾ, ನೀವೂ ಎಲ್ಲಾರಂಗ ಆದ್ರಿ."

ಖಾತೆ ತೆರೆಯಿತು. ಅಂದೇ ಮಧ್ಯಾಹ್ನ ಒಳಗಿನ ಒಲೆ ಹೊತ್ತಿ, ಹಂಡೆ ಕುದಿದು, ದಾಳಿಂಬ ಕೆಂಪಿನ ಲಡಿಗಳು ಬಿದಿರ ಗಳುವಿನ ಮೇಲೆ ಸಾಲಾಗಿ ಒಣಗಿದವು. ಪಾಂಡಪ್ಪನ ಓಣಿಯ ಸೀರೆಗಳು ಬಸವ ಜಯಂತಿಗೆ ಮೊದಲೇ ಹೋದವು. ಆಮೇಲೆ ಲಕ್ಕವ್ವ ಹಿತ್ತಲ ಒಲೆಗೆ ಒಂದು ಕೊಡ ನೀರು ಸುರಿದಳು. ಇದು ಮೂಲ ಹೊಗೆಯ ಸಂಪೂರ್ಣ ತ್ಯಾಗವೆಂದು ದಾಖಲಾಗಿ ಅವಳಿಗೆ ಬಹುಮಾನದ ಪಾಲು ಬಂದಿತು. ಶಿವಪುತ್ರನ ಅಂಗಡಿಯಲ್ಲಿ ಅದನ್ನು ಮಾರಿ ಬಣ್ಣದ ಮನೆಗೆ ಹೊಸ ಹೆಂಚು ಹಾಕಿಸಿದಳು. ಆದರೆ ಪಾಲು ಪ್ರತಿವರ್ಷ ಹೊಸದಾಗಬೇಕು, ತ್ಯಾಗ ಮಾಡಲು ಪ್ರತಿವರ್ಷ ಹೊಗೆ ಇರಬೇಕು. ಆದ್ದರಿಂದ ಮುಂದಿನ ಚಳಿಗಾಲ ಅವಳು ಆ ಒಲೆಗೆ ಮತ್ತೆ ಬೆಂಕಿ ಕೊಟ್ಟಳು. ಆ ಹೊತ್ತಿಗೆ ಓಣಿಯ ಹಿತ್ತಲು ಹಿತ್ತಲಿನಲ್ಲೂ ಹಂಡೆ ಕಾಣದ ಒಲೆಗಳೆದ್ದಿದ್ದವು. ಜನ ಅವನ್ನು ಸರ್ಕಾರಿ ಒಲಿ ಎನ್ನುತ್ತಿದ್ದರು. ಹಜರತಬಿ ಹಸಿ ಜಾಲಿಗೆಂದೇ ಹುನಗುಂದದಲ್ಲಿ ಇನ್ನೊಂದು ಅಡ್ಡೆ ತೆರೆದಳು.

ಬಾಗಲಕೋಟೆಯಲ್ಲಿ ನಿರ್ಮಲ ಆಕಾಶ ಪ್ರಶಸ್ತಿಯ ಸಮಾರಂಭವೂ ನಡೆಯಿತು. ಒಂದು ಕಿಲೋ ಕಲ್ಲಿದ್ದಲನ್ನೂ ಸುಡದೆ ವಿದ್ಯುತ್ ಕಂಪನಿಯನ್ನು ನಡೆಸಿದ್ದಕ್ಕಾಗಿ ದೀಪಪ್ರಭಾದವರಿಗೆ ಮೊದಲ ಬಹುಮಾನ. ಕರೆಂಟು ಇಲ್ಲದ್ದರಿಂದ ವೇದಿಕೆಯ ಹಿಂದೆ ಡೀಸೆಲ್ ಜನರೇಟರುಗಳು ಗುಡುಗುತ್ತಿದ್ದವು. ಭಾಷಣಗಳು ಯಾರಿಗೂ ಕೇಳಿಸದ ಕಾರಣ ಎಲ್ಲರಿಗೂ ಹಿಡಿಸಿದವು. ಲಕ್ಕವ್ವನಿಗೆ ಶಾಲು ಹೊದಿಸಿ, ಹೊಗೆಯನ್ನು ಹೇಗೆ ಕಡಿಮೆ ಮಾಡಿದಿರಿ ಎಂದು ಮೈಕು ಹಿಡಿದರು.

"ಮೊದಲ ಮಾಡಿದ್ನಿರಿ," ಎಂದಳು ಲಕ್ಕವ್ವ. "ಆಮ್ಯಾಲೆ ಬಿಟ್ನಿರಿ."

ಚಪ್ಪಾಳೆ ಬಹಳ ಹೊತ್ತು ಬಿತ್ತು.

೨೦೦೯ರ ಚಳಿಗಾಲದಲ್ಲಿ ಲಕ್ಕವ್ವ ಬನಶಂಕರಿಗೆ ಹೋಗುತ್ತಿದ್ದಾಗ ಬಸ್ಸು ಬಾದಾಮಿಯ ಹೊರಗೆ ನಿಂತುಬಿಟ್ಟಿತು. ರಸ್ತೆ ತುಂಬ ಜನ. ಗುಹೆ ನೋಡಲು ಬರುವ ಪ್ರವಾಸಿಗರಿಗೆ ತೊಂದರೆಯಾದೀತೆಂದು ಮೂಲ ಚಳಿಗಾಲದಲ್ಲಿ ಬಾದಾಮಿಯ ಹೋಟೆಲುಗಳವರು ಹೊಗೆ ತಡೆದು ಇಟ್ಟಿದ್ದರಂತೆ. ಆ ಒಳ್ಳೆಯತನದಿಂದ ಇಡೀ ತಾಲೂಕಿಗೆ ಪಾಲು ಕಡಿಮೆ ಬಿದ್ದಿತ್ತು. "ಬೇಕೇ ಬೇಕು, ಹೊಗೆ ಬೇಕು", "ನಮ್ಮ ಆಕಾಶ, ನಮ್ಮ ಹಕ್ಕು" ಎಂದು ಕೂಗು ಎದ್ದಿತ್ತು. ಹೆಂಗಸರು ಖಾಲಿ ಒಲೆಗಳನ್ನು ತಲೆಯ ಮೇಲೆ ಹೊತ್ತು ನಿಂತಿದ್ದರು.

ಲಕ್ಕವ್ವನ ಪಕ್ಕದಲ್ಲಿ ಮೈಸೂರಿನ ಕಡೆಯ ಒಬ್ಬ ಮೇಷ್ಟ್ರು ಕೂತಿದ್ದರು. "ಏನಮ್ಮ, ಇವರು ಹೊಗೆ ಬೇಡ ಅಂತ ಕೇಳ್ತಿದ್ದಾರಾ?" ಎಂದರು.

"ಅಲ್ಲ್ರಿ, ಬೇಕಂತ. ಇಳಕಲ್ಲಿಗೆ ಅಷ್ಟ ಕೊಟ್ಟ ಇವ್ರಿಗೆ ಇಷ್ಟ ಕೊಟ್ರ ಇವ್ರ ಮಕ್ಕಳು ಏನ ಮಾಡ್ಬೇಕ್ರಿ? ಇರೂದನ್ನ ಬಿಡಬಹುದು. ಇಲ್ಲದ್ದನ್ನ ಬಿಡೂದು ಹೆಂಗ?"

ಮೇಷ್ಟ್ರು ಕಿಟಕಿಯಿಂದ ಹೊರಗೆ ನೋಡಿದರು. "ಹಾಗೆ ನೋಡಿದರೆ ಅನ್ಯಾಯವೇ," ಎಂದರು.

ಲಕ್ಕವ್ವ ಕೆಳಗಿಳಿದು, ಹೆಂಗಸರ ಸಾಲಿನಲ್ಲಿ ಜಾಗ ಮಾಡಿಸಿಕೊಂಡು ರಸ್ತೆಯ ಮೇಲೆ ಕೂತಳು. ಮೇಷ್ಟ್ರು ಚಪ್ಪಲಿ ಬಿಟ್ಟು ಗಂಡಸರ ಕಡೆ ಕೂತರು. ಬಸ್ಸುಗಳ ಮೂಲ ಹೊಗೆಯನ್ನು ಈ ಚಳಿಗಾಲವೇ ಅಳೆಯುತ್ತಾರೆಂದು ಹಿಂದಿನ ವಾರ ಸುತ್ತೋಲೆ ಬಂದಿತ್ತು. ಡ್ರೈವರ್ ಗೇರು ತಪ್ಪಿಸಿ, ಒಂದು ಕಾಲು ಆಕ್ಸಿಲರೇಟರಿನ ಮೇಲೆ ಇಟ್ಟು, ನಿಂತ ಬಸ್ಸಿನ ಎಂಜಿನ್ನನ್ನು ಒತ್ತಿ ಒತ್ತಿ ಓಡಿಸುತ್ತಿದ್ದ. ಕಂಡಕ್ಟರ್ ಹಿಂದೆ ಹೋಗಿ ಕೊಳವೆಯ ಬಾಯಿ ನೋಡಿ, ಇನ್ನಷ್ಟು, ಇನ್ನಷ್ಟು ಎಂದು ಕೈ ಬೀಸುತ್ತಿದ್ದ.